ಅಬ್ಬಿ ಕರೆದದ್ದು

ಫೆಬ್ರವರಿ 9, ಭಾನುವಾರ

ಆಲ್ಬಮ್ ರೆಕಾರ್ಡಿಂಗಿಗೆ ಮತ್ತೆ ಗಂಗೊಳ್ಳಿಯ ಐಸ್ ಪ್ಲಾಂಟ್. ಮುಚ್ಚಿ ಎಷ್ಟು ಕಾಲವಾದರೂ ಅಮೋನಿಯಾ ವಾಸನೆ ಗೋಡೆ ಬಿಟ್ಟಿಲ್ಲ. ಅಲ್ಲೇ ಕೂತು, ನಾನು ಬರೆದ ನಾಲ್ಕನೆಯ ಹಾಡಿನ ಕೊನೆ ತಿದ್ದಿಕೊಟ್ಟೆ. ಮಂಜುಗಡ್ಡೆ ಇಳಿಸುವ ತಗಡಿನ ಜಾರುಹಲಗೆಯೇ ನಿಖಿತಾಳ ಡ್ರಮ್. ಕೀಬೋರ್ಡ್, ಲ್ಯಾಪ್‌ಟಾಪ್, ಹಾಡು, ಬೈಗುಳ ಎಲ್ಲ ಶೈಲೇಶನದು. ಬ್ಯಾಂಡಿನ ಹೆಸರು ಅಳಿವೆ. ಇದಕ್ಕೆ ಅವಾಂಟ್-ಪಾಪ್ ಅನ್ನುತ್ತಾರಂತೆ. ನನಗೆ ತಿಳಿದದ್ದಿಷ್ಟು — ಪಲ್ಲವಿ ಈಗ ಬರುತ್ತದೆ ಎಂದು ಕಾದರೆ ಬರುವುದಿಲ್ಲ.

"ಅಕ್ಕ, ಸಾಲಿಂದ್ ಚಂದ ಸ್ವಲ್ಪ ಕಡ್ಮಿ ಮಾಡಿ ಮಾರಾಯ್ರೆ. ಸಿಕ್ಕಾಪಟ್ಟೆ ಚಂದ ಆತ್ತ್," ಎಂದ ಶೈಲೇಶ.

ನಕ್ಕೆ. ಇಷ್ಟು ವರ್ಷ ಕಾಲೇಜಿನಲ್ಲಿ ಬೇರೆಯವರ ಕವಿತೆ ಪಾಠ ಮಾಡಿದವಳು. ನನ್ನ ಸಾಲು ಕೇಳಿ ಪಡೆದವನು ಇವನೊಬ್ಬನೇ. ನನ್ನ ತಮ್ಮ ರತನನ ಜೀವದ ಗೆಳೆಯ. ನಮ್ಮನೆ ಅನ್ನ ಉಂಡು ಬೆಳೆದವನು.

ಫೆಬ್ರವರಿ 16, ಭಾನುವಾರ

ಅಬ್ಬಿಯನ್ನು ಕರೆದೊಯ್ದಿದ್ದೆ. ಅಮ್ಮನನ್ನು ನಾವು ಕರೆಯುವುದೇ ಹಾಗೆ. ಬುಟ್ಟಿ ಹೊತ್ತು ಮೀನು ಮಾರುವಾಗ ಅವಳು ಹಾಕುತ್ತಿದ್ದ ಕೂಗು ಆರನೆಯ ಹಾಡಿಗೆ ಬೇಕಂತೆ. ಮೈಕ್ ಕಂಡು ಸೆರಗು ಸರಿಮಾಡಿಕೊಂಡಳು.

"ಇದ್ರಗೆ ಫೋಟೋ ಬತ್ತಾ?"

"ಇಲ್ಲ ಸೀತಕ್ಕ, ದನಿ ಮಾತ್ರ," ಎಂದ ಶೈಲೇಶ.

"ಹಂಗಾರೆ ಹೊಸ ಸೀರೆ ಎಂತಕ್ ಉಡ್ಸ್ಕಂಡ್ ಬಂದ್ಳ್ ಇವ್ಳ್?"

ಕೂಗಿದಳು. ಬಂಗ್ಡಿ... ತಾಜಾ ಬಂಗ್ಡಿ... ಪ್ಲಾಂಟಿನ ಹಾಲ್ ತುಂಬ ಅವಳ ದನಿ. ಮುಗಿಯಿತು ಅಂದುಕೊಂಡೆ. ಅಬ್ಬಿ ಜಾರುಹಲಗೆಯನ್ನೇ ನೋಡುತ್ತ ನಿಂತಳು. ರತನ್ ದೋಣಿಗೆ ಸೇರುವ ಮೊದಲು ಕೆಲಸಕ್ಕಿದ್ದದ್ದು ಇದೇ ಪ್ಲಾಂಟಿನಲ್ಲಿ. ಬಂದರಿಗೆ ಮೀನು ಕೊಳ್ಳಲು ಬಂದವಳು ಊಟದ ಹೊತ್ತಿಗೆ ಹೊರಗೆ ನಿಂತು ಕರೆಯುತ್ತಿದ್ದಳು. ಇದ್ದಕ್ಕಿದ್ದಂತೆ ಹಾಗೆಯೇ ಕರೆದಳು —

"ರತನಾ... ಹ್ವಾಯ್ ರತನಾ... ಉಂಬುಕ್ ಬಾ..."

ಗೋಡೆಗಳೂ ಅದನ್ನೇ ಹೇಳಿದವು. ಮೈಕ್ ಆನ್ ಇತ್ತು. ಶೈಲೇಶನನ್ನು ಹೊರಗೆ ಕರೆದು ಹೇಳಿದೆ. ಅದನ್ನು ಅಳಿಸು. ಈಗಲೇ.

"ಅಳ್ಸ್ತೆ ಅಕ್ಕ. ನನ್ ಮೇಲ್ ನಂಬ್ಕಿ ಇಲ್ದಾ?"

ಇತ್ತು.

ಫೆಬ್ರವರಿ 17



ರತನ್ ಹೋದ ದೋಣಿ ಮುಳುಗಿ ಎಂಟು ವರ್ಷ. ದೇಹ ಸಿಗಲಿಲ್ಲ. ಮೊದಮೊದಲು ದಿನವೂ ಅವನ ಬಟ್ಟಲಿಗೆ ಬಡಿಸಿ ಮುಚ್ಚಿಡುತ್ತಿದ್ದಳು. ಬೊಜ್ಜ, ಉತ್ತರಕ್ರಿಯೆ, ಮಾಡಲು ಬಿಡಲಿಲ್ಲ. ಆಮೇಲೊಂದು ಆಟಿ ಅಮಾವಾಸ್ಯೆಗೆ ತಾನೇ ಎಲೆ ಹಾಕಿ, ಸತ್ತವರಿಗೆ ಬಡಿಸುವ ಹಾಗೆ ಬಡಿಸಿ, ಹೆಸರು ಹಿಡಿದು ಕರೆದು ಬಾಗಿಲು ಮುಚ್ಚಿದಳು. ಹಾಗೆ ಬಡಿಸಿದ ಮೇಲೆ ಬೇರೆ ದಿನ ಆ ಹೆಸರನ್ನು ಊಟಕ್ಕೆ ಕರೆಯುವುದಿಲ್ಲ. ನಮ್ಮನೆಯಲ್ಲಿ ಹಾಗೆ. ನಿನ್ನೆ ಬಾಯಿ ತಪ್ಪಿತು. ಅದು ಯಂತ್ರದಲ್ಲಿ ಉಳಿಯಬಾರದು.

ರತನನ ಫೋಟೋ ಇದೆ, ದನಿ ಇಲ್ಲ. ಫೋನ್ ಅವನ ಜೊತೆಗೇ ಹೋಯಿತು. ಅಕ್ಕ ಎಂದು ಹೇಗೆ ಕರೆಯುತ್ತಿದ್ದ? ನೆನಪು ಮಾಡಲು ಹೋದರೆ ನನ್ನದೇ ದನಿ ಬರುತ್ತದೆ.

ಏಪ್ರಿಲ್ 27

ಮಿಕ್ಸಿಂಗ್ ಬ್ರಹ್ಮಾವರದ ಸ್ಟುಡಿಯೋದಲ್ಲಿ. ಎಲ್ಲ ಹಾಡು ಕಳಿಸಿದ, ಆರನೆಯದೊಂದು ಬಿಟ್ಟು. ಸರ್ಪ್ರೈಸ್ ಅಂತೆ. ನಿಖಿತಾಳನ್ನು ಕೇಳಿದೆ. ಇಲ್ಲಿ ಸಿಗ್ನಲ್ ಇಲ್ಲ ಅಕ್ಕ ಎಂದು ಉತ್ತರ — ವಾಟ್ಸಾಪಿನಲ್ಲಿ.

ಜೂನ್ 21, ಶನಿವಾರ ಬೆಳಿಗ್ಗೆ

ನಿನ್ನೆ ಆಲ್ಬಮ್ ರಿಲೀಸ್. ಬ್ರಹ್ಮಾವರದ ಒಂದು ಕೆಫೆಯಲ್ಲಿ ಲಿಸನಿಂಗ್ ಸೆಷನ್. ಸಂಜೆ ಬಸ್ಸಿಗೆ ಹೋದೆ. ಒಬ್ಬಳೇ ಹೋದದ್ದು ಒಳ್ಳೆಯದಾಯಿತು.

ಆರನೆಯ ಹಾಡು. ಅಬ್ಬಿಯ ಮೀನಿನ ಕೂಗು. ಆಮೇಲೆ — ರತನಾ, ಉಂಬುಕ್ ಬಾ. ಅದೇ. ಮತ್ತೆ ಮತ್ತೆ. ಎದ್ದು ನಿಂತಿದ್ದೆ. ಅಷ್ಟರಲ್ಲಿ ವಾದ್ಯ ಎಲ್ಲ ನಿಂತು ಒಂದು ಗಂಡುದನಿ:

"ಬಂದೆ ಅಬ್ಬಿ. ಬಳ್ಸ್."

ಕೂತುಬಿಟ್ಟೆ. ರತನ್.

ಜನ ಚಪ್ಪಾಳೆ ಹೊಡೆದರು. ಯಾರೋ ಹುಡುಗಿ ಕಣ್ಣೊರೆಸಿಕೊಂಡಳು. ಶೈಲೇಶನನ್ನು ಹಿತ್ತಲಿಗೆ ಎಳೆದೆ.

"ಎಲ್ಲಿಂದ ಬಂತ್ ಅದ್?"

"ವಾಯ್ಸ್ ನೋಟ್ ಅಕ್ಕ. ಅವ ನಂಗ್ ಕಳ್ಸ್ತಾ ಇಪ್ಪತಿಗೆ ಸೀತಕ್ಕ ಉಂಬುಕ್ ಕರ್ದಿರ್. ನಡುವಲ್ಲಿ ಉತ್ರ ಕೊಟ್ಟಿದ್ದ. ಹಳೆ ಫೋನಂಗಿತ್ತ್."

"ಇಷ್ಟ್ ವರ್ಷ ಇತ್ತಾ?"

"ಕೊಡೂಕೆ ಧೈರ್ಯ ಬರ್ಲಿಲ್ಲ."

"ಹಾಡಿಗ್ ಹಾಕೂಕೆ ಬಂತಾ?"

ನೆಲ ನೋಡಿದ. ಮತ್ತೆ ಹೇಳಿದ, "ಅದೇ ಬೆಸ್ಟ್ ಟ್ರ್ಯಾಕ್ ಅಕ್ಕ. ಎಲ್ರೂ ಹಂಗೇ ಹೇಳ್ತಿದ್ರ್."

ಬಸ್ಸಿನಲ್ಲಿ ಅಳಲಿಲ್ಲ. ನಮ್ಮೂರು ತೆಕ್ಕಟ್ಟೆಯಲ್ಲಿ ಇಳಿಯುವುದು ಮರೆತು ಕುಂದಾಪುರದವರೆಗೆ ಹೋದೆ.

ಜುಲೈ 3

ಒಂದು ವೆಬ್‌ಸೈಟಿನಲ್ಲಿ ವಿಮರ್ಶೆ. ಈ ವರ್ಷದ ಅತ್ಯಂತ ಧೈರ್ಯದ ಆಲ್ಬಮ್ ಅಂತೆ. ನನ್ನ ಸಾಲುಗಳಿಗೆ ಅರ್ಧ ವಾಕ್ಯ, ಆರನೆಯ ಹಾಡಿಗೆ ಎರಡು ಪ್ಯಾರಾ. 'ಆ ಗಂಡುದನಿಯ ನಟ ಯಾರೋ, ಅದ್ಭುತ.'

ನಟ.

ರೀಲ್ಸ್ ಬೇರೆ. ಬೈಂದೂರಿನ ಕಡಲತೀರದಲ್ಲಿ ಒಬ್ಬ ತಟ್ಟೆ ಹಿಡಿದು ಓಡಿಬಂದು ನನ್ನ ತಮ್ಮನ ದನಿಗೆ ಬಾಯಿ ಆಡಿಸುತ್ತಾನೆ.

ಹಾಡು ತೆಗೆ, ಆ ವಾಯ್ಸ್ ನೋಟ್ ಕೊಡು ಎಂದು ಶೈಲೇಶನಿಗೆ ಬರೆದೆ. ಹಳೆ ಫೋನ್ ಸತ್ತಿದೆ, ಕತ್ತರಿಸಿದ ತುಂಡು ಮಾತ್ರ ಇದೆ ಎಂದು ಅದನ್ನು ಕಳಿಸಿದ. ಮೂರು ಮಾತು: ಬಂದೆ, ಅಬ್ಬಿ, ಬಡಿಸು. ಹಾಡಿನ ವಿಷಯಕ್ಕೆ: 'ಸ್ವಲ್ಪ ಟೈಮ್ ಕೊಡಿ ಅಕ್ಕ. ಆಮೇಲೂ ಬೇಡ ಅಂದ್ರೆ ತೆಗಿತೆ.'

ಜುಲೈ 6, ಭಾನುವಾರ

ಪಕ್ಕದ ಮನೆಯ ನವ್ಯಾ ಜಗಲಿಯಲ್ಲಿ ಕೂತು ರೀಲ್ಸ್ ನೋಡುತ್ತಿದ್ದಳು. ಆ ದನಿಯೂ ಬಂತು. ಅವಳಿಗೇನು ಗೊತ್ತು. ಅಡಿಗೆಮನೆಯಲ್ಲಿ ಅಬ್ಬಿಯ ಕೈಯಿಂದ ಪಾತ್ರೆ ಬಿತ್ತು.

ಓಡಿದೆ. ಅಬ್ಬಿ ಆಗಲೇ ಜಗಲಿಯಲ್ಲಿದ್ದಳು. ಮುಖ ಸ್ಥಿರ.

"ಹೆದ್ರಬೇಡ ಹೆಣೆ. ಅವ ಸತ್ತದ್ ನಂಗ್ ಗೊತ್ತಿತ್ತ್. ಇನ್ನೊಂದ್ ಸಲ ಹಾಕ್," ಎಂದಳು ನನಗೆ.

ನವ್ಯಾಳ ಫೋನು ತೆಗೆದುಕೊಂಡು ಹಾಕಿದೆ. ಮತ್ತೆ ಕೇಳಿದಳು. ಮಧ್ಯಾಹ್ನವಿಡೀ.

ಜುಲೈ 8

ಎಲ್ಲ ಹೇಳಿದೆ — ಅಳಿಸುತ್ತೇನೆ ಎಂದದ್ದು, ದನಿ ಬಚ್ಚಿಟ್ಟದ್ದು. ತೆಗೆಸುತ್ತೇನೆ ಎಂದೂ ಹೇಳಿದೆ. ಆ ತುಂಡು ನನ್ನ ಫೋನಿನಲ್ಲಿದೆ, ಬೇಕಾದಾಗ ಕೇಳು ಎಂದೆ.

"ತೆಗೂದಾ? ಎಂತಕೆ? ಹೆಣ ಸಿಕ್ಲಿಲ್ಲ, ದನಿ ಸಿಕ್ತ್. ಅದನ್ನೂ ಮುಚ್ಚಿಡ್ಕಾ? ಊರೆಲ್ಲ ಕೇಣ್ಲಿ."

"ಅವ ಮೋಸ ಮಾಡ್ದ ಅಬ್ಬಿ."

"ನಿಂಗ್ ಮಾಡ್ದ. ನಂಗ್ ಅಲ್ಲ."

ಎದ್ದು ಒಳಗೆ ಹೋದಳು. ನನ್ನ ಸಿಟ್ಟಿಗೆ ಈ ಮನೆಯಲ್ಲಿ ಜೊತೆ ಇಲ್ಲ. ಪುಸ್ತಕ ಬಿಚ್ಚಿದೆ. ಯಾವ ಕವಿತೆಯೂ ಓದಿಸಿಕೊಳ್ಳಲಿಲ್ಲ. ಚಂದ ಮಾಡಿ ಹೇಳಿದ್ದೆಲ್ಲ ಯಾರದೋ ಮನೆಯಿಂದ ಕದ್ದದ್ದು ಎನಿಸತೊಡಗಿದೆ.

ಜುಲೈ 24, ಗುರುವಾರ. ಆಟಿ ಅಮಾವಾಸ್ಯೆ. ಮೂರು ಗಂಟೆ

ಶೈಲೇಶನನ್ನು ಅಬ್ಬಿಯೇ ಊಟಕ್ಕೆ ಕರೆಸಿದಳು. ನನಗೆ ಹೇಳಲಿಲ್ಲ. ಗೇಟಿನಲ್ಲಿ ಛತ್ರಿ ಮಡಚುವಾಗ ನೋಡಿದೆ.

ಒಳಗೆ ರತನನಿಗೆ ಎಲೆ ಹಾಕಿ ಬಡಿಸಿದಳು. ಬಾಗಿಲು ಮುಚ್ಚಿ ಹೊರಗೆ ಕೂತೆವು. ಬಾಗಿಲು ತೆಗೆದ ಮೇಲೆ ನಮಗೆ ಎಲೆ.

"ಅಕ್ಕ, ನೀವ್ ಹೂಂ ಅಂದ್ರೆ ಇವತ್ತೇ ತೆಗಿತೆ," ಎಂದ. ಅಬ್ಬಿಯ ಸೌಟು ನಿಂತಿತು. ನನ್ನ ಕಡೆ ತಿರುಗಲಿಲ್ಲ. ಕಾದಳು.

"ಅದ್ ಇರ್ಲಿ," ಎಂದೆ. "ನನ್ ಸಾಲ್ ತೆಗಿ. ಎಲ್ಲಾ ಹಾಡಿಂದೂ. ಹೆಸ್ರೂ."

"ಸಾಲ್ ತೆಗ್ದ್ರೆ ಹಾಡಂಗ್ ಎಂತ ಉಳಿತ್ತ್ ಅಕ್ಕ?"

"ನಿಂಗ್ ಬೇಕಾದ್ದ್ ಉಳಿತ್ತ್. ಮತ್ತೆ, ಅಕ್ಕ ಅನ್ಬೇಡ."

ತಲೆ ತಗ್ಗಿಸಿ ಅನ್ನ ಕಲಸುತ್ತ ಕೂತ. ಬಾಯಿಗಿಡಲಿಲ್ಲ. ಅಬ್ಬಿ ಅವನ ಎಲೆಗೆ ಬಗ್ಗಿದಳು.

"ಉಣ್ಣ್. ಒಣಸಿಗಡಿ ಚಟ್ನಿ ಇನ್ ಸ್ವಲ್ಪ ಹಾಕ್ಲಾ ಮಗಾ?"

ರತನ್ ಹೋದ ಮೇಲೆ ಅವಳು ಯಾರನ್ನೂ ಮಗಾ ಎಂದು ಕರೆದದ್ದು ನಾನು ಕೇಳಿಲ್ಲ. ಆಮೇಲೆ ನನ್ನ ಎಲೆಯ ಹತ್ತಿರ ಬಂದಳು. ಸೌಟು ಎತ್ತಿ, ನನ್ನ ಮುಖ ನೋಡದೆ, ಬೇಕಾ ಎಂದು ಕೇಳದೆ ಬಡಿಸಿ ಮುಂದೆ ಹೋದಳು.