ಅಣ್ಣನ ನಾಲಿಗೆಗೆ ಇಂಗ್ಲಿಷ್ ಮದ್ದು

ಜೂನ್ 3, ಸಂಜೆ

ಆಂಗ್ಲಭಾಷಾ ಮಹಾಸಂಸ್ಥಾನದ ಆಸ್ಥಾನರತ್ನಗಳೇ, ವಾಕ್ಯಗಳ ಮುಂದೆ ಛತ್ರ ಚಾಮರ ಹಿಡಿದು ನಡೆಯುವ ಶ್ರೀಮಾನ್ ಆಕ್ಚುಲಿ, ಬೇಸಿಕಲಿ, ಡೆಫಿನೆಟ್ಲಿಯವರೇ, ಸಾಷ್ಟಾಂಗ ನಮಸ್ಕಾರ!

ಎಂದಿನಂತೆ ಅಣ್ಣನ ಉಗ್ಗನ್ನು ಅಣಕಿಸುತ್ತ ಕೂತಿದ್ದೆ. ಅಂಗಡಿಯ ವಿಷಯ ಹೇಳಹೊರಟವನು ‘ಕ... ಕ...’ದಲ್ಲೇ ಸಿಕ್ಕಿಬಿದ್ದ.

“ಮೊದ್ಲು ಆಕ್ಚುಲಿ ಅನ್ನು, ಆಮೇಲೆ ಹೇಳು” ಎಂದೆ. ಬರೀ ತಮಾಷೆಗೆ.

“ಆಕ್ಚುಲಿ ಕನ್ನಡಕದಂಗಡಿ ಕೌಂಟರಲ್ಲಿ ಸೋಮವಾರದಿಂದ ನಾನೇ ನಿಲ್ಬೇಕಂತೆ. ಮಾತಾಡೋಕೆ ಆಗದಿದ್ರೆ ಬೇರೆ ಕೆಲ್ಸ ನೋಡ್ಕೋ ಅಂದ್ರು ಯಜಮಾನ್ರು.”

ಒಂದೇ ಉಸಿರಿಗೆ! ಇಬ್ಬರೂ ಬಾಯಿ ಬಿಟ್ಟುಕೊಂಡು ಮುಖ ಮುಖ ನೋಡಿಕೊಂಡೆವು. ಅರ್ಥ ಹುಡುಕಿದರೆ ಹೆಚ್ಚೇನೂ ಇಲ್ಲದ ಪದ... ಆಳನ್ನೇ ಹೊತ್ತು ಆಚೆ ದಡಕ್ಕೆ ಇಳಿಸಿತಲ್ಲ!

ಜೂನ್ 5

ಟ್ರೈನಿಂಗ್ ಜೋರು.

“ಕುಡಿಯೋಕೆ ಏನ್ ಕೊಡ್ಲೋ?” ಅಮ್ಮ ಕೇಳಿದಳು.

“ಬೇಸಿಕಲಿ ಬಿಸಿನೀರು.”

“ಬೇಸಿಕಲಿ ಬಿಸಿನೀರಾ? ಅದನ್ನ ಕಾಯಿಸೋಕೆ ಬೇರೆ ಪಾತ್ರೆ ಬೇಕೇನಪ್ಪಾ?”

ಊಟವಾದ ಮೇಲೆ ನನ್ನ ಕೋಣೆಗೇ ಬಂದ. “ಏ ಕೋತಿ, ಇನ್ನೊಂದೆರಡು ಕೊಡೇ.” ಜನರಲಿ, ಪ್ರಾಬಬ್ಲಿ ದಯಪಾಲಿಸಿದೆ.

ಜೂನ್ 9, ಸೋಮವಾರ

ಅಂಗಡಿಯಲ್ಲಿ ಫ್ರೇಮುಗಳ ಸ್ಟ್ಯಾಂಡಿನ ಹಿಂದೆ ಅಡಗಿದ್ದೆ. ಬಸ್ ಡ್ರೈವರ್ ಒಬ್ಬರ ಕಣ್ಣನ್ನು ಅಣ್ಣ ಆಗಷ್ಟೇ ಪರೀಕ್ಷಿಸಿದ್ದ.

“ಆಕ್ಚುಲಿ, ಜನರಲಿ, ನಿಮ್ ಎಡಗಣ್ಣು...”

“ಸುತ್ತಿ ಬಳಸಿ ಮಾತಾಡ್ಬೇಡಪ್ಪಾ. ಏನಾಗಿದೆ ನನ್ ಕಣ್ಣಿಗೆ?”

ಯಜಮಾನರು ಕತ್ತೆತ್ತಿದರು. ನಾನು ಮನಸ್ಸಿನಲ್ಲೇ ಕೂಗಿದೆ — ಪ್ರಾಬಬ್ಲಿ ಅನ್ನೋ ಅಣ್ಣಾ!

ಅನ್ನಲಿಲ್ಲ. ಡ್ರೈವರ್ ಮುಖವನ್ನೇ ನೋಡುತ್ತ ಹೇಳಿದ: “ಕ... ಕ... ಕನ್ನಡಕ ಸಾಲಲ್ಲ ಸರ್. ಡಾ... ಡಾಕ್ಟರಿಗೆ ತೋರ್ಸಿ. ಇ... ಇವತ್ತೇ. ಅಲ್ಲೀವರೆಗೂ ಬ... ಬ... ಬಸ್ ಮುಟ್ಬೇಡಿ.”

ಎಷ್ಟು ಹೊತ್ತು ಹಿಡಿಯಿತೋ. ಡ್ರೈವರ್ ಅಲುಗದೆ ಕೇಳಿದರು. ಇಡೀ ಅಂಗಡಿ ಕೇಳಿತು. ಆಮೇಲೆ ಅಣ್ಣನ ಕೈ ಹಿಡಿದುಕೊಂಡು, “ಯಾವ್ ಡಾಕ್ಟ್ರ ಹತ್ರ ಹೋಗ್ಲಿ? ನೀನೇ ಹೇಳಪ್ಪಾ” ಎಂದರು.

“ನಾಳೆಯಿಂದ ಬೇಗ ಬಾ. ಕೌಂಟರ್ ನಿಂದೇ” — ಯಜಮಾನರು ಇಷ್ಟೇ ಅಂದದ್ದು.

ಇಷ್ಟು ಎತ್ತರದವನೇ ನನ್ನಣ್ಣ? ಒಂದೇ ಸೂರಿನಡಿ ಇದ್ದೂ ನನಗೆ ಕಂಡಿರಲಿಲ್ಲ. ಅಣಕಿಸಲು ಬಾಯಿ ಬರಲಿಲ್ಲ.

ಜೂನ್ 12

ಪದ ಕೇಳಲು ಅಣ್ಣ ಬಂದಿಲ್ಲ. ನಿನ್ನೆಯೂ, ಇವತ್ತೂ. ಉಗ್ಗುತ್ತಲೇ ಮಾತಾಡುತ್ತಾನೆ, ಆರಾಮಾಗಿ. ಖುಷಿಯೇ.

ಆದರೆ ನಿಜ ಹೇಳಿಬಿಡುತ್ತೇನೆ — ಅವನಿಗೆಂದು ಇನ್ನೂ ಐದು ಪದ ಹುಡುಕಿಟ್ಟಿದ್ದೆ. ಊಟವಾದ ಮೇಲೆ ನನ್ನ ಬಾಗಿಲಿಗೆ ಚಿಲಕ ಹಾಕಿಲ್ಲ. ಸುಮ್ಮನೆ...