ಮಗನ ಬೆನ್ನಿನ ಮೇಲೆ

ಬನ್ನಂಜೆ, ಉಡುಪಿ
ಬುಧವಾರ, ೧೬-೨-೨೦೦೫

ಪ್ರೀತಿಯ ಮಗಳು ಸವಿತಾಳಿಗೆ,

ಅಮ್ಮನ ಆಶೀರ್ವಾದ. ನಿನ್ನ ಕೆಮ್ಮು ಹೇಗುಂಟು? ಮುಂಬೈಯ ಆ ಭಾಂಡೂಪಿನ ಧೂಳಿಗೆ ಅದು ಸುಲಭದಲ್ಲಿ ಬಿಡುವಂಥದ್ದಲ್ಲ. ಕಾಳುಮೆಣಸಿನ ಕಷಾಯ ಮಾಡು. ಮಕ್ಕಳಿಗೆಲ್ಲ ಕುಡಿಸಿ ನೀನು ಬರೀ ಪಾತ್ರೆ ತೊಳೆದಿಡಬೇಡ, ನೀನೂ ಕುಡಿ. ಅಳಿಯಂದಿರ ರಾತ್ರಿ ಪಾಳಿ ಮುಗಿಯಿತೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಫೋನ್ ಕೈಗೆತ್ತಿಕೊಂಡರೆ ನಿನ್ನ ತಮ್ಮ ಉಮಾನಾಥ ಪಕ್ಕದಲ್ಲೇ ಕುರ್ಚಿ ಎಳೆದು ಕೂರುತ್ತಾನೆ. ನೀನು ಕಾಲಿನ ವಿಷಯ ಕೇಳಿದ ಕೂಡಲೇ, ನಾನು ಬಾಯಿ ತೆರೆಯುವ ಮೊದಲು, "ಅಮ್ಮ ಸೌಖ್ಯ ಇದ್ದಾಳೆ ಅಕ್ಕ, ನಾನು ಅವಳ ಕಾಲು ನೆಲಕ್ಕೆ ಇಡ್ಲಿಕ್ಕೇ ಬಿಡುದಿಲ್ಲ" ಎನ್ನುತ್ತಾನೆ. ಅದಕ್ಕೇ ಈ ಕಾಗದ.

ಹೋದ ಬೇಸಿಗೆಯಲ್ಲಿ ಮಂಡಿ ಕೈಕೊಟ್ಟು ನಾನು ಕಾಪುವಿನ ಮೀನು ಮಾರ್ಕೆಟ್ಟಿನ ಮೆಟ್ಟಿಲಲ್ಲಿ ಬುಟ್ಟಿ ಸಮೇತ ಕುಸಿದದ್ದು ನಿನಗೆ ಗೊತ್ತುಂಟು. ಆಮೇಲಿನದು ಅರ್ಧ ಮಾತ್ರ ಗೊತ್ತು. ಅದೇ ಸಂಜೆ ಉಮಾನಾಥ ಬಂದು, ನನ್ನ ಬಾಡಿಗೆ ಕೋಣೆಯ ಬೀಗದ ಕೈಯನ್ನು ಮಾಲಕರಿಗೆ ಒಪ್ಪಿಸಿ, ನನ್ನನ್ನು ಇಲ್ಲಿಗೆ ಕರೆತಂದ. ಟೈಲ್ಸ್ ಹಾಕುವ ಕೆಲಸಕ್ಕೆ ಒಂದು ದಿನ ಮಣಿಪಾಲ, ಇನ್ನೊಂದು ದಿನ ಕಾರ್ಕಳ ಎಂದು ತಿರುಗುವವನಿಗೆ ಬನ್ನಂಜೆಯೇ ಅನುಕೂಲ. ಆದರೆ ಈ ಕಟ್ಟಡಕ್ಕೆ ಲಿಫ್ಟ್ ಇಲ್ಲ, ನಮ್ಮದು ಮೂರನೇ ಮಾಳಿಗೆ. ಕೆಳಗೆ ನಿಂತು ನಾನು ಮೆಟ್ಟಿಲುಗಳನ್ನು ನೋಡುತ್ತಿದ್ದಾಗ ಅವನು ನನ್ನ ಎದುರು ಬಗ್ಗಿ ಕೂತು, "ಬೆನ್ನಿಗೆ ಹತ್ತಮ್ಮ" ಎಂದ. ಬೇಡವೆಂದರೂ ಕೇಳಲಿಲ್ಲ. ತಲೆಯ ಮೇಲೆ ಮೀನು ಹೊತ್ತು ಊರೂರು ತಿರುಗಿದವಳು ನಾನು. ಅವತ್ತು ಅಕ್ಕಿ ಮೂಟೆಯ ಹಾಗೆ ಮಗನ ಬೆನ್ನ ಮೇಲೆ ಮುಖ ಹುಗಿಸಿಕೊಂಡು ಕೂತೆ. ಎರಡನೇ ಮಾಳಿಗೆಯ ಬಾಯಮ್ಮ ಬಾಗಿಲು ತೆರೆದು, "ಎಂತಹ ಮಗ ಮಾರಾಯ್ರೆ, ಪುಣ್ಯ ಮಾಡಿದ್ದೀರಿ" ಎಂದರು. ಸುಳ್ಳಲ್ಲ. ಆದರೆ ಪುಣ್ಯವಂತೆ ಅನ್ನಿಸಿಕೊಂಡ ಮೇಲೆ ಕಷ್ಟ ಹೇಳಿಕೊಳ್ಳುವುದು ಯಾರಲ್ಲಿ?

ಇಲ್ಲಿ ನನಗೆ ಕೊರತೆಯೆಂದು ಏನೂ ಇಲ್ಲ. ಕುರ್ಚಿಗೆ ಎರಡು ದಿಂಬು, ಕೈಗೆ ಎಟಕುವಲ್ಲಿ ನೀರು, ಕೂತಲ್ಲಿಗೇ ಗಂಜಿ ತಟ್ಟೆ. ನಿನ್ನ ತಮ್ಮನ ಹೆಂಡತಿ ಸುಗಂಧಿ ಒಳ್ಳೆಯವಳು, ಮುಖ ಸಣ್ಣ ಮಾಡಿದ್ದನ್ನು ನಾನು ಕಂಡಿಲ್ಲ. ಆದರೆ ನಾನು ಎದ್ದು ನಿಂತರೆ ಸಾಕು, ಮನೆಯಲ್ಲಿ ಬೆಂಕಿ ಬಿದ್ದ ಹಾಗೆ ಇಬ್ಬರೂ ಓಡಿ ಬರುತ್ತಾರೆ. ಬೆಳಿಗ್ಗೆ ಕೆಳಗಿನ ರಸ್ತೆಯಲ್ಲಿ ಮೀನಿನವಳು ಕೂಗಿಕೊಂಡು ಹೋಗುತ್ತಾಳೆ. ಒಂದು ದಿನ ಬಾಲ್ಕನಿಯಿಂದ ಬಗ್ಗಿ, ಬಂಗುಡೆ ಯಾವತ್ತಿನದು ಎಂದು ಅವಳನ್ನು ಕೇಳಿದೆ. ಅಷ್ಟಕ್ಕೇ ಉಮಾನಾಥ ಹೆದರಿ, ಬಾಲ್ಕನಿ ಬಾಗಿಲಿಗೆ ನನ್ನ ಕೈಗೆ ಸಿಗದಷ್ಟು ಮೇಲೆ ಒಂದು ಚಿಲಕ ಹಾಕಿಸಿದ. ನನ್ನ ಒಳ್ಳೆಯದಕ್ಕೇ, ಅಲ್ವಾ? ನಾನೂ ಹಾಗೆಯೇ ಅಂದುಕೊಂಡೆ. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ನೆಲ ಮೆಟ್ಟಿದ್ದು ಆಸ್ಪತ್ರೆಗೆ ಹೋದಾಗ ಮಾತ್ರ.

ವಿಚಿತ್ರ ಏನೆಂದರೆ, ಕೂತಷ್ಟೂ ನೋವು ಹೆಚ್ಚಿತು. ಬೆಳಿಗ್ಗೆ ಎದ್ದಾಗ ಮಂಡಿ ಮರದ ಕೊರಡಿನ ಹಾಗೆ ಬಿಗಿದಿರುತ್ತಿತ್ತು. ಬಚ್ಚಲಿಗೆ ಹೋಗುವುದಕ್ಕೂ ಕೋಲು, ಗೋಡೆ ಬೇಕಾಯಿತು. ಹೋದ ತಿಂಗಳು ಮಣಿಪಾಲಕ್ಕೆ ಹೋದಾಗ ಡಾಕ್ಟರು ಹೊಸ ಎಕ್ಸ್‌ರೇ ನೋಡಿ, "ದಿನಕ್ಕೆ ಎಷ್ಟು ನಡೆಯುತ್ತೀರಿ?" ಎಂದು ಕೇಳಿದರು. "ನಡೀಲಿಕ್ಕೇ ಬಿಡುದಿಲ್ಲ ಡಾಕ್ಟ್ರೇ" ಎಂದು ಉಮಾನಾಥ ಹೆಮ್ಮೆಯಿಂದ ಹೇಳಿದ. ಅವರು ಕನ್ನಡಕ ತೆಗೆದು, "ಅಮ್ಮನೇ ಹೇಳಲಿ" ಎಂದರು. ನನಗೆ ಅಳು ಬಂತು ಸವಿತಾ. ಅವರು ಸಮಾಧಾನದಿಂದ ತಿಳಿಸಿ ಹೇಳಿದರು. ಮಂಡಿಯ ಎಲುಬುಗಳ ನಡುವೆ ಒಂದು ನುಣುಪಾದ ಪದರ ಉಂಟಂತೆ, ನನ್ನದು ಸವೆದಿದೆ. ಸವೆದದ್ದು ಔಷಧಿಯಿಂದ ಮತ್ತೆ ಬೆಳೆಯುವುದಿಲ್ಲ. ಆದರೆ ಹಾಗೆಂದು ಕೂತುಬಿಟ್ಟರೆ ತೊಡೆಯ ಬಲ ಹೋಗುತ್ತದೆ, ಆಗ ಮೈಯ ಭಾರವೆಲ್ಲ ಬಡಪಾಯಿ ಮಂಡಿಯ ಮೇಲೆಯೇ ಬೀಳುತ್ತದೆ. ಆಪರೇಷನ್ ಈಗಲೇ ಬೇಡ. ಮೈಭಾರ ಸ್ವಲ್ಪ ಇಳಿಯಲಿ, ನೆಲದಲ್ಲಿ ಕುಕ್ಕರಗಾಲಲ್ಲಿ ಕೂರುವುದು ಬೇಡ, ನೋವಿನ ಮಾತ್ರೆಯನ್ನು ಹೊಟ್ಟೆ ತುಂಬಿದ ಮೇಲೆ, ಬೇಕಾದಾಗ ಮಾತ್ರ ನುಂಗಬೇಕು, ಸಮತಟ್ಟು ನೆಲದಲ್ಲಿ ಸ್ವಲ್ಪ ಸ್ವಲ್ಪ ನಡೆಯಬೇಕು ಎಂದರು.

ಆಸ್ಪತ್ರೆಯಲ್ಲೇ ವ್ಯಾಯಾಮ ಕಲಿಸಿದವಳು ಅಶ್ವಿನಿ ಎಂಬ ಹುಡುಗಿ, ಬಾಗಲಕೋಟೆ ಕಡೆಯವಳು. ಮಂಡಿಯ ಕೆಳಗೆ ಮೈ ಒರೆಸುವ ಬೈರಾಸ ಸುತ್ತಿಟ್ಟು, ಅದನ್ನು ಅದುಮಿ ಹಿಡಿಯಬೇಕು ಎಂದಳು. ನನ್ನಿಂದ ಆಗಲಿಲ್ಲ. "ಅಮ್ಮಾರ, ನಿಮ್ಮ ತೊಡಿ ನಿದ್ದಿ ಹೋಗೇತ್ರಿ. ಬೈಬ್ಯಾಡ್ರಿ, ಎಬ್ಬಸ್ರಿ" ಎಂದು ನಕ್ಕಳು. ಹೆಚ್ಚು ನೋಯುವ ಕಾಲು ಎಡದ್ದಾದರೆ ಕೋಲು ಬಲಗೈಯಲ್ಲಿ ಇರಬೇಕಂತೆ; ನಾನು ಇಷ್ಟು ದಿನ ನೋಯುವ ಕಾಲಿನ ಕಡೆಯ ಕೈಯಲ್ಲೇ ಹಿಡಿದಿದ್ದೆ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು ಎಂದೂ ಹೇಳಿಕೊಟ್ಟಳು.

ಮನೆಗೆ ಬಂದ ಮೇಲೆ ನಿನ್ನ ತಮ್ಮನದ್ದು ಹಳೆಯ ರಾಗವೇ. "ಡಾಕ್ಟ್ರಿಗೆ ಎಂತ, ಬಿದ್ದರೆ ನೋಡುವವರು ನಾವು" ಎಂದ. ಹಾಗಾಗಿ ಅವನು ಕೆಲಸಕ್ಕೆ ಹೊರಟ ಮೇಲೆ, ಸುಗಂಧಿ ಬಾಗಿಲು ಹಾಕಿದ ಮೇಲೆ, ಅವಳಿಗೆ ಮಾತ್ರ ಗೊತ್ತಿರುವ ಹಾಗೆ, ಮಂಚದಲ್ಲಿ ಮಲಗಿ ಕಾಲು ಎತ್ತುತ್ತೇನೆ. ಕಳ್ಳತನ ಮಾಡಿದ ಹಾಗೆ ಅನ್ನಿಸುತ್ತದೆ. ಆದರೂ ಮೊನ್ನೆ ಕೋಲು ಹಿಡಿದು ಅಡುಗೆಮನೆಗೆ ಹೋಗಿ, ನಿಂತುಕೊಂಡೇ ಬೂತಾಯಿ ಮೀನಿನ ಪುಳಿಮುಂಚಿ ಸಾರು ಮಾಡಿದೆ. ಉಮಾನಾಥ ಉಂಡು, "ಸುಗಂಧಿ, ಇವತ್ತು ಅಮ್ಮನ ಕೈ ರುಚಿ ಬಂತು ನಿಂಗೆ" ಎಂದ. ಸುಗಂಧಿ ನನ್ನ ಕಡೆ ಒಮ್ಮೆ ನೋಡಿ, ಅವನಿಗೆ ಇನ್ನೊಂದು ಸೌಟು ಬಡಿಸಿದಳು. ಆದರೆ ಸಮತಟ್ಟು ನೆಲ ನನಗೆ ಎಲ್ಲಿದೆ ಮಗಳೇ? ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬರುತ್ತೇನೆ. ಆಚೆಗೆ ಮೆಟ್ಟಿಲು, ಮೆಟ್ಟಿಲಲ್ಲಿ ಮಗನ ಬೆನ್ನು. ಮನೆ ಬದಲಿಸೋಣ ಎಂದು ಒಮ್ಮೆ ಬಾಯಿ ತೆರೆದೆ. "ನಿನ್ನನ್ನು ಹೊರುದು ನಂಗೆ ಭಾರ ಆಗ್ತದಾ ಅಮ್ಮ?" ಎಂದು ಕೇಳಿದ. ಅವನ ಕಣ್ಣು ನೋಡಿ ನಾನು ಮಾತನ್ನು ಊಟದ ಕಡೆಗೆ ತಿರುಗಿಸಿದೆ.

ಮಕ್ಕಳಿಗೆ ನನ್ನ ಮುತ್ತು, ಅಳಿಯಂದಿರಿಗೆ ನಮಸ್ಕಾರ ತಿಳಿಸು. ನಮ್ಮ ದೈವ ಬಬ್ಬರ್ಯನು ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ ಅಮ್ಮ,
ವಾರಿಜಾ

ತಾ. ಕ.: ಸುಗಂಧಿ ಚಪ್ಪಲಿ ಮೆಟ್ಟಿ ಪೋಸ್ಟಿಗೆ ಹೊರಟು ನಿಂತಿದ್ದಾಳೆ, ಬೇಗ ಬೇಗ ಬರೆಯುತ್ತಿದ್ದೇನೆ. ಬರೆಯುವುದೋ ಬೇಡವೋ ಎಂದು ಇಷ್ಟು ಹೊತ್ತು ಯೋಚಿಸಿದೆ. ಉಮಾನಾಥನ ಬಲ ಮಂಡಿ ಊದಿಕೊಂಡಿದೆಯಂತೆ. ಟೈಲ್ಸ್ ಹಾಕಿ ಏಳುವಾಗ ಗೋಡೆ ಹಿಡಿಯುತ್ತಾನಂತೆ. ನನಗೆ ಹೇಳಕೂಡದೆಂದು ಸುಗಂಧಿಯಿಂದ ಆಣೆ ಹಾಕಿಸಿಕೊಂಡಿದ್ದಾನೆ. ಅವಳು ನಿನ್ನೆ ತಡೆಯಲಾರದೆ ಹೇಳಿದಳು. ಇವತ್ತು ಬೆಳಿಗ್ಗೆ ಅವನು ಕೆಲಸಕ್ಕೆ ಇಳಿಯುವ ಸದ್ದನ್ನು ಕಿವಿಗೊಟ್ಟು ಕೇಳಿದೆ. ಒಂದು ಕಾಲಿಡುತ್ತಾನೆ, ಇನ್ನೊಂದನ್ನು ಅದರ ಪಕ್ಕ ತಂದಿಡುತ್ತಾನೆ, ನಿಲ್ಲುತ್ತಾನೆ. ಆ ಸದ್ದು ನನಗೆ ಗೊತ್ತು. ನೀನು ಅಕ್ಕ, ಅವನು ನಿನ್ನ ಮಾತು ಮೀರುವುದಿಲ್ಲ. ನೆಲದ ಮಟ್ಟದಲ್ಲಿ ಒಂದು ಮನೆ ನೋಡು, ಒಂದೇ ಕೋಣೆಯಾದರೂ ಸಾಕು ಎಂದು ಅವನಿಗೆ ಹೇಳು. ಅಮ್ಮನಿಗೋಸ್ಕರ ಎಂದೇ ಹೇಳು. ಅವನಿಗೋಸ್ಕರ ಎಂದರೆ ಒಪ್ಪಲಿಕ್ಕಿಲ್ಲ.