ಉಪ್ಪಿನ ಆಪಲ್ ಪೈ

ಮ್ಯಾನ್ಸ್‌ಫೀಲ್ಡ್, ಒಹಾಯೊ
6 ಅಕ್ಟೋಬರ್ 1953

ಅಕ್ಕಾ,

ನನ್ನ ಈ ಹೊಸ ಕಾದಂಬರಿಯನ್ನು ಹೊತ್ತು ತಿರುಗುತ್ತಿರುವ ಹದಿನೇಳನೆಯ ಊರು ಇದು. ಕಾಲು ಬಾತಿದೆ, ಗಂಟಲು ಕಟ್ಟಿದೆ. ಇಲ್ಲಿನ ಮಹಿಳಾ ಸಂಘದವರು ಬಂದ ಲೇಖಕರಿಗೆ ಅವರ ಪುಸ್ತಕದೊಳಗಿನ ಅಡುಗೆಯನ್ನೇ ಮಾಡಿ ಬಡಿಸುತ್ತಾರೆ. ಇವತ್ತು ಆಪಲ್ ಪೈ. ಅಪ್ಪನನ್ನು ಮಣ್ಣು ಮಾಡಿದ ದಿನ ನೀನು ಸಕ್ಕರೆಯೆಂದು ಉಪ್ಪು ಸುರಿದಿದ್ದೆ, ನಾವೆಲ್ಲ ತುಟಿಪಿಟಕ್ಕೆನ್ನದೆ ತಿಂದಿದ್ದೆವು. ನಿನ್ನನ್ನು ಕೇಳದೆ ಕಾದಂಬರಿಗೆ ಹಾಕಿಕೊಂಡೆನಲ್ಲ, ಅದೇ ಪೈ.

"ಪುಸ್ತಕದಲ್ಲಿದ್ದ ಹಾಗೇ ಮಾಡಿದೀವಿ, ಒಂದು ಬಟ್ಟಲು ಉಪ್ಪು!" ಎಂದರು ಅಧ್ಯಕ್ಷೆ ಮಿಸೆಸ್ ಹ್ಯಾಲ್ವರ್ಸನ್. ಟೋಪಿ ತೊಟ್ಟ ನಲವತ್ತು ಹೆಂಗಸರು ಕಣ್ಣಲ್ಲಿ ನೀರು ಸುರಿಸುತ್ತ ಒಂದು ಚೂರೂ ಬಿಡದೆ ತಿಂದರು. ನಾನೂ ತಿಂದೆ.

ಕೊನೆಗೆ ಒಬ್ಬ ಮುದುಕಿ ನೀರು ಕುಡಿದು ಕೇಳಿದಳು: "ಅಲ್ಲಮ್ಮಾ, ಇದನ್ನೆಲ್ಲ ಊರಿಗೇ ಸಾರಿಬಿಟ್ರಲ್ಲ, ನಿಮ್ಮಕ್ಕ ಕೋಪ ಮಾಡ್ಕೊಳ್ಳಲಿಲ್ವಾ?"

"ಇಲ್ಲ, ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು" ಎಂದೆ.

ನನ್ನ ಮೂರು ಕಾಗದಕ್ಕೂ ನಿನ್ನಿಂದ ಉತ್ತರವಿಲ್ಲ. ರೈಲು ಬಂತು. ಮುಂದಿನ ವಾರವೆಲ್ಲ ಟೊಲಿಡೊದಲ್ಲಿ, ನಿನಗೆ ಗೊತ್ತಿರುವ ಅದೇ ಹಳೆಯ ಹೋಟೆಲು. ಅಲ್ಲೂ ಯಾರಾದರೂ ಇದನ್ನೇ ಕೇಳುತ್ತಾರೆ. ಬೈದಾದರೂ ಎರಡು ಸಾಲು ಬರೆ. ಸುಳ್ಳು ಹೇಳಿ ಹೇಳಿ ಸಾಕಾಗಿದೆ.

ವರ್ನಾ